ಮಾರಿಕಣಿವೆ ತುಂಬಿದೆ, ಇನ್ನು ಅಡಿಕೆ ಹಾಕಬಹುದಾ?

ಪ್ರಶ್ನೆ: ಸರ್, ನಮ್ಮದು ಹಿರಿಯೂರು ತಾಲ್ಲೂಕು, ನಾಲ್ಕು ಎಕರೆ ಜಮೀನು. ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಡ್ಯಾಮಿನ ನಾಲೆಯಿಂದ ಒಂದು ಕಿಲೋಮೀಟರ್ ದೂರ, ಸ್ವಲ್ಪ ಎತ್ತರದಲ್ಲಿದೆ. ಏಳೆಂಟು ವರ್ಷದ ಹಿಂದಿನ ಬರದಲ್ಲಿ ಅಪ್ಪ ನೆಟ್ಟ ಅರವತ್ತು ತೆಂಗಿನ ಮರ ಒಣಗಿ ಹೋದವು. ಆಮೇಲೆ ಡ್ಯಾಂ 2022ರಲ್ಲಿ ಕೋಡಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ ತುಂಬಿತು. ನಮ್ಮ ಬೋರ್‌ನಲ್ಲೂ ನೀರು ಚೆನ್ನಾಗಿ ಬರುತ್ತಿದೆ. ಭದ್ರಾ ನೀರು ಬಂದಿದೆ, ಇನ್ನು ನಮ್ಮ ಕಡೆ ಬರ ಅನ್ನೋದೇ ಇಲ್ಲ, ಅಡಿಕೆ ಹಾಕು ಅಂತ ಎಲ್ಲರೂ ಹೇಳುತ್ತಾರೆ. ಎರಡು ಎಕರೆಗೆ ಹಾಕಲೇ? ಇನ್ನೊಂದು ಅನುಮಾನ. ನೀರು ಕೆಳಗಿದ್ದಾಗ ಮಟ್ಟ ಬೇಗ ಬೇಗ ಏರುತ್ತದೆ, ಮೇಲೆ ಬಂದ ಹಾಗೆ ತೆವಳುತ್ತದೆ. ಯಾಕೆ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಅರ್ಥವಾದರೆ ಮೊದಲನೆಯದಕ್ಕೆ ಅರ್ಧ ಉತ್ತರ ಸಿಕ್ಕ ಹಾಗೆ.

ಮನೆಯಲ್ಲಿ ಒಂದು ಅಗಲ ಬಾಯಿಯ ಬಾಣಲೆ ತಗೊಳ್ಳಿ. ಒಂದು ಲೋಟ ನೀರು ಹಾಕಿ. ತಳದಲ್ಲಿ ಎರಡು ಬೆರಳು ನೀರು ನಿಲ್ಲುತ್ತದೆ. ಇನ್ನೊಂದು ಲೋಟ ಹಾಕಿ, ಒಂದು ಬೆರಳು ಏರುತ್ತದೆ. ಬಾಯಿಯ ಹತ್ತಿರ ಬಂದ ಮೇಲೆ ಅದೇ ಲೋಟ ಸುರಿದರೆ ಏರಿದ್ದು ಕಣ್ಣಿಗೇ ಕಾಣುವುದಿಲ್ಲ. ಮಾರಿಕಣಿವೆಯೂ ಹೀಗೇ. ಕೆಳಗೆ ಎರಡು ಗುಡ್ಡದ ನಡುವಿನ ಇಕ್ಕಟ್ಟು, ಮೇಲೆ ಹೊಸದುರ್ಗದ ಕಡೆಗೆ ಹರಡಿದ ಬಯಲು. ತುಂಬಿದಾಗ ನೀರು ಸುಮಾರು 87 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಅಷ್ಟು ಅಗಲದ ಮೇಲೆ ಒಂದು ಅಡಿ ನೀರು ಏರಬೇಕು ಅಂದರೆ ಹೆಚ್ಚುಕಮ್ಮಿ ಒಂದು ಟಿಎಂಸಿ ಬೇಕು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. 700 ಕ್ಯುಸೆಕ್, ಅಂದರೆ ಸೆಕೆಂಡಿಗೆ 700 ಘನ ಅಡಿ ಒಳಹರಿವು ಒಂದು ದಿನವೂ ನಿಲ್ಲದೆ ಬಂದರೂ ಅದಕ್ಕೆ ಹದಿನಾರು ದಿನ ಹಿಡಿಯುತ್ತದೆ. ಬಿಸಿಲೂ ಸುಮ್ನೆ ಕೂರುವುದಿಲ್ಲ. ತುಂಬಿದ ಡ್ಯಾಂ ಮೇಲೆ ದಿನಕ್ಕೆ ನಾಲ್ಕೈದು ಮಿಲಿಮೀಟರ್ ಆವಿಯಾದರೂ ಅದು 150 ಕ್ಯುಸೆಕ್ ಹರಿವಿಗೆ ಸಮ. ಒಂದು ಕಡೆ ತುಂಬುತ್ತಾ ಇನ್ನೊಂದು ಕಡೆ ಸೋರುವ ತೊಟ್ಟಿ ಇದ್ದ ಹಾಗೆ. ಅದಕ್ಕೇ ಕೊನೆಯ ಅಡಿಗಳು ತೆವಳುವುದು.

ಇದರ ಇನ್ನೊಂದು ಮಗ್ಗುಲು ಮುಖ್ಯ. ಡ್ಯಾಮಿನ ಪೂರ್ಣ ಮಟ್ಟ 130 ಅಡಿ. ಪೇಪರಿನಲ್ಲಿ "65 ಅಡಿ" ಅಂತ ಬಂದಾಗ ಜನ 130ರಲ್ಲಿ 65, ಅಂದರೆ ಅರ್ಧ ಡ್ಯಾಂ ಇದೆ ಅಂದುಕೊಳ್ಳುತ್ತಾರೆ. ನನ್ನ ಹತ್ತಿರವೇ ಎಷ್ಟೋ ಮಂದಿ ಹೀಗೆ ವಾದ ಮಾಡಿದ್ದಾರೆ. ಡ್ಯಾಮಿನ ಪೂರ್ಣ ಸಾಮರ್ಥ್ಯ 30 ಟಿಎಂಸಿಗಿಂತ ಸ್ವಲ್ಪ ಜಾಸ್ತಿ. 60 ಅಡಿಗೆ ಬಂದರೆ ಅದು ಡೆಡ್ ಸ್ಟೋರೇಜ್, ಅಲ್ಲಿಂದ ಕೆಳಗೆ ನಾಲೆಗೆ ನೀರು ಹರಿಯುವುದಿಲ್ಲ. 65 ಅಡಿಯಲ್ಲಿ ಇರುವ ನೀರು ಪೂರ್ತಿ ಡ್ಯಾಮಿನ ಹತ್ತರಲ್ಲಿ ಒಂದು ಪಾಲೂ ಇಲ್ಲ. ಅಡಿ ಅನ್ನುವುದು ಎತ್ತರದ ಲೆಕ್ಕ. ನಿಮ್ಮ ತೋಟ ಕುಡಿಯುವುದು ಟಿಎಂಸಿ ಲೆಕ್ಕದ ನೀರನ್ನು. ಇನ್ನು ಮೇಲೆ ಡ್ಯಾಂ ಸುದ್ದಿ ಓದುವಾಗ ಅಡಿ ಬಿಟ್ಟು ಟಿಎಂಸಿ ಎಲ್ಲಿ ಬರೆದಿದ್ದಾರೆ ಅಂತ ಹುಡುಕಿ.

ನೀವು ಹೇಳಿದ ಆ ಬರ ನನಗೂ ಚೆನ್ನಾಗಿ ನೆನಪಿದೆ. ಅಂತರ್ಜಲದ ಕೆಲಸದ ಮೇಲೆ ನಾನು ಆ ಭಾಗದಲ್ಲಿ ಓಡಾಡುತ್ತಿದ್ದೆ. ಡ್ಯಾಮಿನ ಏರಿ ಮೇಲೆ ಮಂಟಪದ ಹತ್ತಿರ ನಿಂತು ಕೆಳಗೆ ನೋಡಿದರೆ ಗೋಡೆಯ ಕಲ್ಲಿನ ಮೇಲೆ ಹಳೆಯ ನೀರಿನ ಗುರುತುಗಳು ಒಂದರ ಕೆಳಗೊಂದು, ಬಳೆ ಜೋಡಿಸಿದ ಹಾಗೆ ಕಾಣುತ್ತಿದ್ದವು. ನೀರು ಎಲ್ಲೋ ದೂರದಲ್ಲಿ, ಕಂದು ಬಣ್ಣದ ಒಂದು ಹೊಂಡ. ನಾನು ನಡೆದ ನೆಲ ಅಂಗೈ ಅಗಲ ಬಿರುಕು ಬಿಟ್ಟಿತ್ತು. ಹಿಂತಿರುಗುವಾಗ ದಾರಿಯಲ್ಲಿ ಒಂದು ತೆಂಗಿನ ತೋಟ. ಗರಿಗಳೆಲ್ಲ ಜೋತುಬಿದ್ದು ಕಾಂಡಕ್ಕೆ ಅಂಟಿಕೊಂಡಿದ್ದವು, ಸುಳಿ ಒಣಗಿತ್ತು. ನಡುವೆ ಒಂದು ಟ್ಯಾಂಕರ್ ನಿಂತಿತ್ತು. ಮನೆಯ ಹೆಣ್ಣುಮಗಳೊಬ್ಬರು ಪೈಪ್ ಹಿಡಿದು ಒಂದೊಂದು ಮರದ ಬುಡಕ್ಕೂ ಸ್ವಲ್ಪ ಸ್ವಲ್ಪ ನೀರು ಬಿಡುತ್ತಿದ್ದರು. ಯಾವ ಮರಕ್ಕೆ ಬಿಡಬೇಕು, ಯಾವುದನ್ನು ಕೈಬಿಡಬೇಕು ಅಂತ ಅವರು ಕಾಂಡ ತಟ್ಟಿ ನೋಡಿ ತೀರ್ಮಾನ ಮಾಡುತ್ತಿದ್ದರು. ನಿಮ್ಮ ಅರವತ್ತು ಮರದ ಮಾತು ಓದಿದಾಗ ಆ ತೋಟವೇ ಕಣ್ಣ ಮುಂದೆ ಬಂತು. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾದರೂ ಪರವಾಗಿಲ್ಲ ಅಂತ ಬರೆಯುತ್ತಿದ್ದೇನೆ.

ಈ ಡ್ಯಾಂ ಇಷ್ಟು ವರ್ಷ ಯಾಕೆ ತುಂಬಲಿಲ್ಲ ಅನ್ನುವುದನ್ನು ಮೊದಲು ನೋಡೋಣ. ಕಟ್ಟಿ ಮುಗಿದದ್ದು 1907ರಲ್ಲಿ, ಮೈಸೂರು ಮಹಾರಾಜರ ಕಾಲ. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರ ಹೆಸರನ್ನೇ ಇಟ್ಟರು. ಕಲ್ಲು, ಗಾರೆಯ ಕಟ್ಟಡ. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೇ ಸಲ 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ. ಮೂರು ತಲೆಮಾರಿನ ಜನ ಕೋಡಿ ಹರಿಯುವುದನ್ನು ನೋಡದೇ ಹೋದರು. ಮೂರನೇ ಸಲಕ್ಕೆ ಮಾತ್ರ ಎರಡೂವರೆ ವರ್ಷವೂ ಬೇಕಾಗಲಿಲ್ಲ.

ಲೆಕ್ಕ ಹಾಕಿದರೆ ಆ 89 ವರ್ಷದಲ್ಲಿ ಆಶ್ಚರ್ಯ ಏನೂ ಇಲ್ಲ. ಈ ಡ್ಯಾಂ ಕಟ್ಟಿರುವುದು ವೇದಾವತಿ ನದಿಗೆ. ಅದರ ಜಲಾನಯನ ಪ್ರದೇಶ, ಅಂದರೆ ಮಳೆ ನೀರು ಹರಿದು ನದಿಗೆ ಸೇರುವ ನೆಲ, ಡ್ಯಾಂವರೆಗೆ ಐದು ಸಾವಿರ ಚದರ ಕಿಲೋಮೀಟರ್‌ಗೂ ಜಾಸ್ತಿ. ಕೇಳಲು ದೊಡ್ಡದು. ಆದರೆ ಡ್ಯಾಂ ತಳದಿಂದ ತುಂಬಬೇಕಾದರೆ ಆ ಇಡೀ ನೆಲದ ಮೇಲಿಂದ ಸರಾಸರಿ 16 ಸೆಂಟಿಮೀಟರ್ ನೀರು ಹರಿದು ಬರಬೇಕು. ಮಳೆ ಬೀಳುವುದಲ್ಲ, ಬಿದ್ದ ಮಳೆಯಲ್ಲಿ ಹರಿದು ಬರುವುದು. ಬಾಬಾಬುಡನ್‌ಗಿರಿಯ ಮಗ್ಗುಲಲ್ಲಿ ಚೆನ್ನಾಗಿ ಮಳೆ ಆಗುತ್ತದೆ, ನಿಜ. ವೇದಾ, ಅವತಿ ಎರಡೂ ಹುಟ್ಟುವುದು ಅಲ್ಲೇ. ಆದರೆ ಅದು ಚಿಕ್ಕ ತುಂಡು. ಕಡೂರು ದಾಟಿದ ಮೇಲೆ, ಹೊಸದುರ್ಗದವರೆಗೂ ಒಣ ಬಯಲು. ಅಂಥ ನೆಲದಲ್ಲಿ ಸಾಧಾರಣ ವರ್ಷದಲ್ಲಿ ಬಿದ್ದ ಮಳೆಯ ಹತ್ತನೇ ಒಂದು ಪಾಲು ಹರಿದರೆ ಅದೇ ದೊಡ್ಡದು. ಉಳಿದದ್ದನ್ನು ಮಣ್ಣು ಕುಡಿಯುತ್ತದೆ, ಬೆಳೆ ಕುಡಿಯುತ್ತದೆ. ಇದರ ಮೇಲೆ ದಾರಿಯಲ್ಲಿ ಅಯ್ಯನಕೆರೆ, ಮದಗದಕೆರೆಯಿಂದ ಹಿಡಿದು ನೂರಾರು ಕೆರೆ, ಚೆಕ್‌ಡ್ಯಾಂ, ಬ್ಯಾರೇಜ್. ಇವೆಲ್ಲ ತುಂಬಿ ಕೋಡಿ ಬಿದ್ದ ಮೇಲೆ ಉಳಿದದ್ದು ಮಾರಿಕಣಿವೆಗೆ. ಎರಡು ವರ್ಷ ಬರ ಬಂದು ಕೆರೆಗಳು ಒಣಗಿದ್ದರೆ ಮೂರನೇ ವರ್ಷದ ಒಳ್ಳೆ ಮಳೆಯನ್ನೂ ಮೊದಲು ಅವೇ ನುಂಗುತ್ತವೆ. ಅದು ತಪ್ಪಲ್ಲ. ಮೇಲಿನ ಊರುಗಳೂ ನಮ್ಮವೇ, ಅವರಿಗೂ ನೀರು ಬೇಕು.

2022ರಲ್ಲಿ ಆದದ್ದು ಏನು? ಅದರ ಹಿಂದಿನ ಎರಡು ಮೂರು ವರ್ಷ ಮಳೆ ಚೆನ್ನಾಗಿತ್ತು, ಮೇಲಿನ ಕೆರೆಗಳು ಮೊದಲೇ ತುಂಬಿದ್ದವು. 2019ರಿಂದ ಭದ್ರಾ ನೀರೂ ಬರಲು ಶುರುವಾಗಿತ್ತು. ಭದ್ರಾ ಕಡೆಯಿಂದ ನೀರನ್ನು ಪಂಪ್ ಮಾಡಿ ಮೇಲೆತ್ತಿ, ಅಜ್ಜಂಪುರದ ಹತ್ತಿರ ಗುಡ್ಡ ಕೊರೆದು ಮಾಡಿದ ಸುಮಾರು ಏಳು ಕಿಲೋಮೀಟರ್ ಸುರಂಗದಲ್ಲಿ ಹಾಯಿಸಿ, ಹಳ್ಳದ ಮೂಲಕ ವೇದಾವತಿಗೆ ಬಿಟ್ಟರು. ಡ್ಯಾಂ ಆಗಲೇ ಎತ್ತರದಲ್ಲಿತ್ತು. ಅದರ ಮೇಲೆ ಆಗಸ್ಟ್ ಮಳೆ ಸುರಿಯಿತು. ಕೆರೆಗಳು ತಡೆಯಲಿಲ್ಲ, ನೆಲ ಕುಡಿಯಲಿಲ್ಲ, ಎಲ್ಲ ನೇರ ಡ್ಯಾಮಿಗೇ ಬಂತು.

ಆ ವರ್ಷ 130 ದಾಟಿ 135 ಅಡಿಯವರೆಗೂ ನೀರು ನಿಂತಿತು. ನಮ್ಮ ಈ ಡ್ಯಾಮಿಗೆ ತುಂಗಭದ್ರಾಕ್ಕೆ, ಕೆಆರ್‌ಎಸ್‌ಗೆ ಇರುವ ಹಾಗೆ ಮೇಲೆ ಎತ್ತಿಬಿಡುವ ಕ್ರಸ್ಟ್ ಗೇಟ್ ಇಲ್ಲ. ಕೋಡಿ ಬಿದ್ದರೆ ಬಿತ್ತು, ತಾನಾಗಿ ಹರಿಯುವಷ್ಟೇ ಹರಿಯುತ್ತದೆ. ಹಾಗಾಗಿ ಬರುವ ನೀರು ಜಾಸ್ತಿ ಆದರೆ ಕೋಡಿಯ ಮೇಲೂ ಮಟ್ಟ ಏರುತ್ತದೆ. ಆಗ ಹೊಸದುರ್ಗದ ಕಡೆಯ ಹಿನ್ನೀರಿನ ಜನರ ತೋಟ, ಮನೆ ನೀರಲ್ಲಿ ನಿಂತವು. ನಾವು ಕೆಳಗಿನವರು ಬಾಗಿನ ಬಿಡುವಾಗ ಅವರು ಮನೆಯ ಸಾಮಾನು ಸಾಗಿಸುತ್ತಿದ್ದರು. ಈ ವಿಚಾರ ಬಂದಾಗ ದಯವಿಟ್ಟು ಅವರನ್ನೂ ನೆನೆಸಿಕೊಳ್ಳಿ. ಕೋಡಿಯ ಎತ್ತರ ತಗ್ಗಿಸಿ ಅಂತ ಅವರು ಎತ್ತಿದ ಬೇಡಿಕೆಯಲ್ಲಿ ನ್ಯಾಯವಿದೆ. ಕೂತು ಮಾತಾಡಿ ಬಗೆಹರಿಸಬೇಕಾದ ವಿಷಯ ಅದು.

2025ರ ಜನವರಿಯಲ್ಲಿ ತುಂಬಿದ್ದು ಬೇರೆ ರೀತಿ. ನಡುವೆ 2023ರ ಬರ ಬಂದಿತ್ತು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸಾರಿದ ವರ್ಷ. ಡ್ಯಾಮಿನ ನೀರು ಇಳಿದಿತ್ತು. 2024ರ ಮಳೆಗೆ ಮತ್ತೆ ಏರಿತು. ಆದರೆ ತುಂಬಿದ ತಿಂಗಳು ನೋಡಿ, ಜನವರಿ. ನಮ್ಮ ಕಡೆ ಜನವರಿಯಲ್ಲಿ ಯಾವ ಮಳೆ ಬರುತ್ತದೆ? ಆ ಕೊನೆಯ ಅಡಿಗಳು ಪಂಪ್ ಮಾಡಿದ ಭದ್ರಾ ನೀರಿನಿಂದ ಬಂದವು. ಅಂದರೆ ಈಗ ನಮ್ಮ ಡ್ಯಾಮಿಗೆ ಎರಡು ತಾಯಿ, ಒಂದು ವೇದಾವತಿ, ಇನ್ನೊಂದು ಭದ್ರಾ. ಇದು ನಿಜವಾದ ಬದಲಾವಣೆ. ನಿಮ್ಮ ಊರಿನವರು ಹೇಳುವುದರಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. 2017ರ ಹಾಗೆ ತಳ ಕಾಣುವುದು ಮೊದಲಿನಷ್ಟು ಸುಲಭವಲ್ಲ.

ಆದರೆ ಎಷ್ಟು ಬದಲಾಗಿದೆ ಅಂತ ಲೆಕ್ಕ ಬೇಕಲ್ವಾ? ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ವಾಣಿವಿಲಾಸ ಸಾಗರಕ್ಕೆ ಅಂತ ಇಟ್ಟಿರುವ ಪಾಲು ವರ್ಷಕ್ಕೆ 2 ಟಿಎಂಸಿ. ಇಷ್ಟು ವರ್ಷ ಅದಕ್ಕಿಂತ ಜಾಸ್ತಿ ಬಂದಿರಬಹುದು, ಯಾಕೆಂದರೆ ಯೋಜನೆಯ ಉಳಿದ ನಾಲೆಗಳ ಕೆಲಸ ಮುಗಿದಿರಲಿಲ್ಲ, ಎತ್ತಿದ ನೀರಿಗೆ ಬೇರೆ ದಾರಿ ಇರಲಿಲ್ಲ. ಆ ಯೋಜನೆ ಇರುವುದು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಎರಡೂಕಾಲು ಲಕ್ಷ ಹೆಕ್ಟೇರ್‌ಗೆ. ಆ ನಾಲೆಗಳು ಪೂರ್ತಿ ಆದ ದಿನ ನೀರು ಅಲ್ಲಿಗೂ ಹೋಗುತ್ತದೆ, ಹೋಗಬೇಕು ಕೂಡ. ಆಮೇಲೆ ನಮಗೆ ಗಟ್ಟಿ ಅಂತ ಹೇಳಬಹುದಾದದ್ದು ಆ 2 ಟಿಎಂಸಿ.

ಈಗ ಖರ್ಚಿನ ಕಡೆ ನೋಡಿ. ನಮ್ಮಂಥ ಒಣ ಸೀಮೆಯಲ್ಲಿ ತೆರೆದ ನೀರಿನಿಂದ ವರ್ಷಕ್ಕೆ ಐದು ಅಡಿ ಆವಿಯಾಗಿ ಹೋಗುತ್ತದೆ. ಡ್ಯಾಂ ತುಂಬಿದ್ದರೆ ಅದೇ ನಾಲ್ಕು ಟಿಎಂಸಿ ದಾಟುತ್ತದೆ. ಅಚ್ಚುಕಟ್ಟು ಸುಮಾರು 30 ಸಾವಿರ ಎಕರೆ. ಎಕರೆಗೆ ವರ್ಷಕ್ಕೆ ಮೂರು ಅಡಿ ನೀರು ಹಿಡಿದರೂ ಇನ್ನೊಂದು ನಾಲ್ಕು ಟಿಎಂಸಿ. ನಾಲೆಯಲ್ಲಿ ಇಂಗುವುದು ಬೇರೆ. ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಯ ಕುಡಿಯುವ ನೀರು ಬೇರೆ. ಎಲ್ಲ ಕೂಡಿಸಿ ವರ್ಷಕ್ಕೆ ಒಂಬತ್ತು ಹತ್ತು ಟಿಎಂಸಿ ಅಂತ ನಾನು ಇಟ್ಟುಕೊಳ್ಳುತ್ತೇನೆ. ಡೆಡ್ ಸ್ಟೋರೇಜ್ ಕಳೆದು ಕೈಗೆ ಸಿಗುವುದು 28. ಹೊಸ ನೀರು ಏನೂ ಬರದಿದ್ದರೆ ತುಂಬಿದ ಮಾರಿಕಣಿವೆ ಮೂರು ವರ್ಷ ನಡೆಸುತ್ತದೆ. ಭದ್ರಾದ 2 ಟಿಎಂಸಿ ತಪ್ಪದೆ ಬಂದರೆ ಇನ್ನೂ ಕೆಲವು ತಿಂಗಳು ಎಳೆಯಬಹುದು. ಬಿಸಿಲು ಕುಡಿಯುವುದು ಭದ್ರಾ ಕೊಡುವುದಕ್ಕಿಂತ ಎರಡು ಪಟ್ಟು ಅನ್ನುವುದನ್ನು ಗಮನಿಸಿ. ಕೆಟ್ಟ ಬರದಲ್ಲಿ ಭದ್ರಾ ಡ್ಯಾಮೇ ಸೊರಗಿದರೆ ಆ 2 ಟಿಎಂಸಿಗೂ ಜಗ್ಗಾಟ ಶುರುವಾಗುತ್ತದೆ.

ಮೂರು ವರ್ಷ ಅಂದೆ. ಅಡಿಕೆ ಫಸಲು ಕೊಡಲು ಶುರು ಮಾಡುವುದೇ ಐದಾರು ವರ್ಷಕ್ಕೆ. ಕೈತುಂಬ ಬರುವುದು ಅದರ ಮೇಲೆ ಎರಡು ಮೂರು ವರ್ಷ ಕಳೆದು. ಆಮೇಲೆ ಮೂವತ್ತು ನಲವತ್ತು ವರ್ಷ ಬದುಕುವ ಮರ ಅದು, ಅಷ್ಟು ವರ್ಷವೂ ಪ್ರತಿ ಬೇಸಿಗೆಯಲ್ಲಿ ನೀರು ಕೇಳುತ್ತದೆ. ರಾಗಿ, ಶೇಂಗಾ ಆದರೆ ಒಂದು ವರ್ಷ ಕೈಕೊಟ್ಟರೆ ಬೀಜ, ಗೊಬ್ಬರದ ದುಡ್ಡು ಹೋಯಿತು, ಮುಂದಿನ ವರ್ಷ ನೋಡೋಣ ಅನ್ನಬಹುದು. ಅಡಿಕೆಯಲ್ಲಿ ಒಂದು ಕೆಟ್ಟ ಬೇಸಿಗೆ ಸಾಕು, ಏಳು ವರ್ಷದ ಬೆವರು ಹೋಗುತ್ತದೆ. ತೆಂಗಿನ ಮರಕ್ಕಿರುವ ತಾಳ್ಮೆ ಅಡಿಕೆಗೆ ಇಲ್ಲ. ತೆಂಗೇ ನಿಮ್ಮಲ್ಲಿ ಒಣಗಿತು.

ಇನ್ನು ನಿಮ್ಮ ಬೋರ್‌ವೆಲ್. ನಿಮ್ಮ ಜಮೀನು ನಾಲೆಗಿಂತ ಮೇಲೆ ಇದೆ ಅಂದಿರಿ. ನಾಲೆಯಿಂದ ಇಂಗಿದ ನೀರು ಇಳಿಜಾರಿನ ಕಡೆ ಹೋಗುತ್ತದೆ, ಅಂದರೆ ನಿಮ್ಮ ಕೆಳಗಿನವರ ಬಾವಿಗೆ ಮೊದಲು. ನಿಮಗೆ ಬಂದಿರುವ ನೀರು ಬಹುಪಾಲು ಮಳೆಯದು, ನಿಮ್ಮ ಮೇಲಿನ ಕೆರೆ, ಹಳ್ಳದ್ದು. ಡ್ಯಾಂ ತುಂಬಿದ್ದೂ ನಿಮ್ಮ ಬೋರ್ ತುಂಬಿದ್ದೂ ಒಂದೇ ಮಳೆಯ ಎರಡು ಫಲ. ಒಂದರಿಂದ ಇನ್ನೊಂದು ಆಯಿತು ಅಂತ ನಂಬಿಕೊಂಡರೆ ಮೋಸ ಹೋಗುತ್ತೀರಿ.

ನಮ್ಮ ಜಿಲ್ಲೆಯ ಕಲ್ಲು ಗಟ್ಟಿ ಕಲ್ಲು. ಅದರಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಒಳಗಿನ ಬಿರುಕುಗಳಲ್ಲಿ ಮಾತ್ರ. ಮೇಲಿನ ಪದರದಲ್ಲೂ ನೂರು ಪಾಲು ಕಲ್ಲಿಗೆ ಎರಡು ಪಾಲು ನೀರು ಅಂತ ಇಟ್ಟುಕೊಳ್ಳಿ. ಇದರ ಅರ್ಥ ಏನು ಗೊತ್ತಾ? ನಿಮ್ಮ ಬೋರಿನಲ್ಲಿ ನೀರು ಐವತ್ತು ಅಡಿ ಮೇಲೆ ಬಂದಿದೆ ಅಂದರೆ ನೆಲದಡಿ ನಿಜವಾಗಿ ಸೇರಿದ್ದು ಒಂದು ಅಡಿ ನೀರು. ಏರುವಾಗ ಐವತ್ತು ಅಡಿ ಏರಿ ಖುಷಿ ಕೊಡುತ್ತದೆ. ಇಳಿಯುವಾಗ, ನೀವು ಒಂದು ಅಡಿ ನೀರು ಎತ್ತಿದರೆ ಅದೇ ಐವತ್ತು ಅಡಿ ಇಳಿಯುತ್ತದೆ. ಸುತ್ತಲಿನವರೂ ಅಡಿಕೆ ಹಾಕಿ, ಎಲ್ಲರೂ ಒಟ್ಟಿಗೆ ಮೋಟಾರ್ ಒತ್ತಿದರೆ ಎರಡು ಬೇಸಿಗೆ ಸಾಕು. ಏಳುನೂರು, ಸಾವಿರ ಅಡಿ ಕೊರೆದು ಸಿಗುವ ನೀರಂತೂ ಬಹಳ ಹಳೆಯದು, ಅದನ್ನು ಒಂದೆರಡು ಮಳೆಗಾಲ ತುಂಬಿಸುವುದಿಲ್ಲ. ಆ ಆಳದ ನೀರಿನಲ್ಲಿ ನಮ್ಮ ಕಡೆ ಫ್ಲೋರೈಡ್ ಕಾಟವೂ ಇದೆ. ಮನೆಗೆ ಕುಡಿಯಲು ಅದೇ ಬೋರ್ ನೀರು ಬಳಸುತ್ತಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ, ಮಕ್ಕಳಿದ್ದರೆ ಖಂಡಿತ ಮಾಡಿಸಿ.

ಹಾಗಾದರೆ ಹಾಕಲೇಬೇಡಿ ಅಂತೀರಾ ಅಂತ ಕೇಳಬಹುದು. ಎರಡು ಎಕರೆ ಬೇಡ. ಇದು ನನ್ನ ಖಚಿತ ಅಭಿಪ್ರಾಯ. ಮನಸ್ಸು ಒಪ್ಪದಿದ್ದರೆ ಅರ್ಧ ಎಕರೆಗೆ ನಿಲ್ಲಿಸಿ. ಆ ಅರ್ಧ ಎಕರೆಯನ್ನೂ ಅಳತೆ ಮಾಡಿದ ಮೇಲೆ ಹಾಕಿ. ಒಂಬತ್ತು ಅಡಿಗೊಂದು ಗಿಡ ಅಂದರೆ ಎಕರೆಗೆ ಸುಮಾರು 540 ಗಿಡ. ಡ್ರಿಪ್‌ನಲ್ಲಿ ಬೆಳೆದ ಗಿಡಕ್ಕೆ ಬೇಸಿಗೆಯಲ್ಲಿ ದಿನಕ್ಕೆ 20 ಲೀಟರ್ ಹಿಡಿದರೆ ಎಕರೆಗೆ ಹತ್ತು ಸಾವಿರದ ಎಂಟುನೂರು ಲೀಟರ್. ಎರಡು ಎಕರೆಗೆ ಇಪ್ಪತ್ತೊಂದು ಸಾವಿರ ದಾಟುತ್ತದೆ, ಅರ್ಧ ಎಕರೆಗೆ ಐದು ಸಾವಿರದ ನಾನೂರು. ಈ ನೀರು ನಿಮ್ಮ ಬೋರ್ ಅಕ್ಟೋಬರ್‌ನಲ್ಲಿ ಕೊಟ್ಟರೆ ಪ್ರಯೋಜನ ಇಲ್ಲ. ಏಪ್ರಿಲ್ ಕೊನೆಯಲ್ಲಿ, ಮೇ ತಿಂಗಳಲ್ಲಿ ಕೊಡಬೇಕು, ಅದೂ ಮಳೆ ಕೈಕೊಟ್ಟ ವರ್ಷದ ಮೇ ತಿಂಗಳಲ್ಲಿ.

ಅಳೆಯುವುದು ಕಷ್ಟ ಏನಿಲ್ಲ. 200 ಲೀಟರಿನ ಒಂದು ಡ್ರಮ್ ಇಟ್ಟುಕೊಳ್ಳಿ. ಮೋಟಾರ್ ಹಾಕಿದ ತಕ್ಷಣ ಅಳೆಯಬೇಡಿ, ಆಗ ಪೈಪಿನ ತುಂಬ ರಭಸ ಇರುತ್ತದೆ. ಎರಡು ಗಂಟೆ ಓಡಿದ ಮೇಲೆ ಡ್ರಮ್ ತುಂಬಲು ಎಷ್ಟು ಸೆಕೆಂಡ್ ಬೇಕಾಯಿತು ನೋಡಿ, ಕ್ಯಾಲೆಂಡರ್ ಮೇಲೆ ಬರೆದಿಡಿ. ನಾಲ್ಕು ಗಂಟೆ ಆದ ಮೇಲೆ ಮತ್ತೊಮ್ಮೆ. ಎರಡು ನಿಮಿಷದಲ್ಲಿ ತುಂಬಿದರೆ ಗಂಟೆಗೆ ಆರು ಸಾವಿರ ಲೀಟರ್. ನಾಲ್ಕನೇ ಗಂಟೆಗೆ ಅದೇ ಡ್ರಮ್‌ಗೆ ಮೂರೂವರೆ ನಿಮಿಷ ಬೇಕಾದರೆ ಒಳಗೆ ನೀರು ಸೋಲುತ್ತಿದೆ ಅಂತಲೇ ಅರ್ಥ. ಪಕ್ಕದಲ್ಲಿ ಹಳೇ ತೆರೆದ ಬಾವಿ ಇದ್ದರೆ ಇನ್ನೂ ಒಳ್ಳೆಯದು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡಿ, ನೀರಿಗೆ ಮುಟ್ಟಿದ ಸದ್ದು ಕೇಳಿದ ಜಾಗಕ್ಕೆ ಹಗ್ಗದಲ್ಲಿ ಗಂಟು ಹಾಕಿ ಅಳೆದುಕೊಳ್ಳಿ. ತಿಂಗಳಿಗೊಂದು ಸಲ, ಒಂದೇ ತಾರೀಖು, ಬೆಳಗ್ಗೆ ಮೋಟಾರ್ ಹಾಕುವ ಮುಂಚೆ.

ಉಳಿದ ಜಮೀನಿಗೆ, ನೀರು ಚೆನ್ನಾಗಿರುವ ಈ ವರ್ಷಗಳಲ್ಲಿ ತರಕಾರಿ, ಈರುಳ್ಳಿ, ಶೇಂಗಾ ಹಾಕಿ ದುಡ್ಡು ಮಾಡಿಕೊಳ್ಳಿ. ನೀರು ಇದ್ದ ವರ್ಷ ಜಾಸ್ತಿ, ಇಲ್ಲದ ವರ್ಷ ಕಡಿಮೆ ಹಾಕುವ ಸ್ವಾತಂತ್ರ್ಯ ಆ ಬೆಳೆಗಳಲ್ಲಿ ಇದೆ. ಬಂದ ದುಡ್ಡಿನಲ್ಲಿ ಮೊದಲು ಒಂದು ಕೃಷಿ ಹೊಂಡ ಮಾಡಿಸಿ, ಬೋರ್ ಪಕ್ಕ ಇಂಗುಗುಂಡಿ ತೆಗೆಸಿ, ಜಮೀನಿನ ಬದು ಎತ್ತರಿಸಿ. ತೆಂಗು ಹೋದ ಜಾಗದಲ್ಲಿ ಹತ್ತಿಪ್ಪತ್ತು ತೆಂಗು ಮತ್ತೆ ನೆಡಿ, ಅಪ್ಪ ನೆಟ್ಟ ಜಾಗ ಖಾಲಿ ಬಿಡಬೇಡಿ. ಹೊಂಡದಲ್ಲಿ ನೀರು ಇದ್ದರೆ ಅಷ್ಟು ಮರಗಳನ್ನು ಬರದಲ್ಲೂ ಉಳಿಸಿಕೊಳ್ಳಬಹುದು.

ಒಂದು ಬೇಸಿಗೆಯ ಅಳತೆ ಕೈಯಲ್ಲಿ ಇಟ್ಟುಕೊಂಡು ಮತ್ತೆ ಬರೆಯಿರಿ. ಬೋರ್ ಎಷ್ಟು ಅಡಿ, ಮೋಟಾರ್ ಎಷ್ಟು ಆಳದಲ್ಲಿ ಇಳಿಸಿದ್ದೀರಿ, ಕೇಸಿಂಗ್ ಎಷ್ಟು ಅಡಿ ಹಾಕಿದ್ದಾರೆ ಅನ್ನುವುದನ್ನೂ ಬರೆಯಿರಿ. ನಿಮ್ಮ ಜಮೀನಿನಿಂದ ಮೇಲಿನ ಕೆರೆ ಎಷ್ಟು ದೂರ, ಅದು ಯಾವ ತಿಂಗಳಲ್ಲಿ ಒಣಗುತ್ತದೆ ಅಂತಲೂ ತಿಳಿಸಿ. ಆಗ ಅರ್ಧ ಎಕರೆ ಸಾಕೋ, ಇನ್ನೊಂದು ಅರ್ಧ ಸೇರಿಸಬಹುದೋ ಅಂತ ಕೂತು ಲೆಕ್ಕ ಹಾಕೋಣ.